ಕಾರಿನ ಬ್ರೇಕ್ ನೀವೇ ನೋಡಿಕೊಳ್ಳಿ: ಹೊಸಬರಿಗೆ ಹಂತ ಹಂತವಾಗಿ

ಕಾರಿನ ಬ್ರೇಕ್ ಸಾಮಾನ್ಯವಾಗಿ ಹೇಳದೆ ಕೇಳದೆ ಕೈಕೊಡುವುದಿಲ್ಲ. ಕೀಂಯ್ ಅನ್ನುತ್ತದೆ, ಪೆಡಲ್ ಮೊದಲಿಗಿಂತ ಕೆಳಗಿಳಿಯುತ್ತದೆ, ಸ್ಟೀರಿಂಗ್ ನಡುಗುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಎಷ್ಟೋ ದಿನ ಮೊದಲೇ ಸೂಚನೆ ಕೊಡುತ್ತಿರುತ್ತದೆ. ಆದರೆ ಸವೆತ ದಿನಕ್ಕಿಷ್ಟೇ ಇಷ್ಟು ಆಗುವುದರಿಂದ ನಮ್ಮ ಕಾಲು ಅದಕ್ಕೆ ಹೊಂದಿಕೊಂಡುಬಿಡುತ್ತದೆ. ಬೇರೆ ಯಾರಾದರೂ ನಮ್ಮ ಕಾರು ಓಡಿಸಿ "ಏನ್ರೀ, ಬ್ರೇಕೇ ಹಿಡೀತಿಲ್ವಲ್ಲ!" ಅಂದಾಗಲೇ ನಮಗೆ ಎಚ್ಚರ.

ಈ ಸೂಚನೆಗಳನ್ನು ಓದಲು ಮೆಕ್ಯಾನಿಕ್ ಆಗಬೇಕಿಲ್ಲ. ಭಾನುವಾರ ಬೆಳಿಗ್ಗೆ ಒಂದು ಗಂಟೆ ಬಿಡುವು, ಕಾರಿನ ಜೊತೆ ಬಂದಿರುವ ಜಾಕ್, ಒಂದು ಟಾರ್ಚ್ ಇದ್ದರೆ ಸಾಕು. ಭಯಪಡಬೇಡಿ. ಇಲ್ಲಿ ಬ್ರೇಕಿನ ಯಾವ ಭಾಗವನ್ನೂ ನೀವು ಕಳಚುವುದಿಲ್ಲ. ನೋಡುತ್ತೀರಿ, ಕೇಳುತ್ತೀರಿ, ಒತ್ತಿ ನೋಡುತ್ತೀರಿ, ಅಷ್ಟೇ. ರಿಪೇರಿ ಬೇಕು ಅನ್ನಿಸಿದರೆ ಅದು ಗ್ಯಾರೇಜಿನ ಕೆಲಸ.

ಮೊದಲು ಇಷ್ಟು ತಿಳಿದಿರಲಿ

ನಮ್ಮಲ್ಲಿ ಓಡುವ ಹೆಚ್ಚಿನ ಸಣ್ಣ ಕಾರುಗಳಿಗೆ ಮುಂದಿನ ಎರಡು ಚಕ್ರಕ್ಕೆ ಡಿಸ್ಕ್ ಬ್ರೇಕ್, ಹಿಂದಿನ ಎರಡಕ್ಕೆ ಡ್ರಮ್ ಬ್ರೇಕ್ ಇರುತ್ತದೆ. ಈ ಲೇಖನದಲ್ಲಿ ಅಂಥ ಕಾರನ್ನೇ ಇಟ್ಟುಕೊಳ್ಳೋಣ.

ನೀವು ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರ್ ಎಂಬ ಭಾಗ ಬ್ರೇಕ್ ಆಯಿಲನ್ನು ಸಣ್ಣ ಪೈಪುಗಳಲ್ಲಿ ದಬ್ಬುತ್ತದೆ. ಆ ಒತ್ತಡ ನಾಲ್ಕೂ ಚಕ್ರಕ್ಕೆ ತಲುಪುತ್ತದೆ. ಮುಂದಿನ ಚಕ್ರದಲ್ಲಿ ಕ್ಯಾಲಿಪರ್ ಎಂಬ ಹಿಡಿಕೆ ಎರಡು ಪ್ಯಾಡ್‌ಗಳ ನಡುವೆ ತಿರುಗುವ ಡಿಸ್ಕನ್ನು ಅಮುಕಿ ಹಿಡಿಯುತ್ತದೆ. ಹಿಂದಿನ ಚಕ್ರದಲ್ಲಿ ಡ್ರಮ್ಮಿನ ಒಳಗಿರುವ ಎರಡು ಶೂಗಳು ಹೊರಕ್ಕೆ ಅಗಲಿ ಡ್ರಮ್ಮಿನ ಗೋಡೆಗೆ ಒತ್ತಿಕೊಳ್ಳುತ್ತವೆ. ಕಾರಿನ ವೇಗವೆಲ್ಲ ಈ ಉಜ್ಜಾಟದಲ್ಲಿ ಬಿಸಿಯಾಗಿ ಕರಗುತ್ತದೆ. ಸ್ಲೇಟಿನ ಮೇಲೆ ಬರೆದಷ್ಟೂ ಬಳಪ ಸವೆಯುವ ಹಾಗೆ, ಬ್ರೇಕ್ ಒತ್ತಿದಷ್ಟೂ ಪ್ಯಾಡ್ ಸವೆಯುತ್ತದೆ. ಅದು ದೋಷವಲ್ಲ, ಸವೆಯುವುದೇ ಅದರ ಕೆಲಸ. ಸವೆದದ್ದು ನಮಗೆ ಗೊತ್ತಾಗದಿದ್ದರೆ ಮಾತ್ರ ಅಪಾಯ.

ಬ್ರೇಕ್ ಹಾಕಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತದೆ. ಹಾಗಾಗಿ ಹೆಚ್ಚಿನ ಕೆಲಸ ಮುಂದಿನ ಬ್ರೇಕಿನದು, ಮೊದಲು ಸವೆಯುವುದೂ ಅದೇ. ನಿಮ್ಮ ಗಮನವೂ ಅಲ್ಲೇ ಹೆಚ್ಚಿರಲಿ.

ಬೇಕಾದ ಸಾಮಾನು

ಜಾಕ್, ವೀಲ್ ಸ್ಪಾನರ್ (ಎರಡೂ ಡಿಕ್ಕಿಯಲ್ಲಿ ಸ್ಟೆಪ್ನಿಯ ಹತ್ತಿರ ಇರುತ್ತವೆ), ಎರಡು ದಪ್ಪ ಕಲ್ಲು ಅಥವಾ ಇಟ್ಟಿಗೆ, ಟಾರ್ಚ್, ಹಳೆಯ ಬಟ್ಟೆ, ಮೂಗು ಬಾಯಿ ಮುಚ್ಚುವ ಮಾಸ್ಕ್, ಒಂದು ಸ್ಕೇಲ್, ಕಾರಿನ ಮ್ಯಾನ್ಯುಯಲ್. ಮ್ಯಾನ್ಯುಯಲ್ ಗ್ಲೋವ್ ಬಾಕ್ಸಿನಲ್ಲಿ ಇನ್ನೂ ಪ್ಲಾಸ್ಟಿಕ್ ಕವರಿನೊಳಗೇ ಇರಬಹುದು. ಇವತ್ತು ಹೊರಗೆ ತೆಗೆಯಿರಿ.

ಮೊದಲ ಭಾಗ: ಚಕ್ರ ಬಿಚ್ಚದೆ ನೋಡುವುದು

ಈ ಭಾಗಕ್ಕೆ ಹತ್ತು ಹದಿನೈದು ನಿಮಿಷ ಸಾಕು. ತಿಂಗಳಿಗೊಮ್ಮೆ ಮಾಡಿ. ಕಾರು ಸಮತಟ್ಟಾದ ಜಾಗದಲ್ಲಿ ನಿಂತಿರಲಿ, ಎಂಜಿನ್ ತಣ್ಣಗಿರಲಿ.

ಹಂತ 1: ಬ್ರೇಕ್ ಆಯಿಲ್ ಮಟ್ಟ ನೋಡಿ. ಬಾನೆಟ್ ಎತ್ತಿ. ಡ್ರೈವರ್ ಸೀಟಿನ ಎದುರಿಗೆ, ಎಂಜಿನ್ನಿನ ಹಿಂಬದಿಯಲ್ಲಿ ಒಂದು ಸಣ್ಣ ಬಿಳಿ ಪ್ಲಾಸ್ಟಿಕ್ ಡಬ್ಬಿ ಕಾಣುತ್ತದೆ. ಅದರ ಮೈಮೇಲೆ ಮ್ಯಾಕ್ಸ್, ಮಿನ್ ಎಂಬ ಎರಡು ಗೆರೆಗಳಿರುತ್ತವೆ. ಆಯಿಲ್ ಅವೆರಡರ ನಡುವೆ ಇರಬೇಕು. ಹೊರಗಿನಿಂದಲೇ ಕಾಣುತ್ತದೆ, ಮುಚ್ಚಳ ತೆಗೆಯುವುದು ಬೇಡ. ಕಾಣದಿದ್ದರೆ ಹಿಂದಿನಿಂದ ಟಾರ್ಚ್ ಹಿಡಿಯಿರಿ.

ಎಚ್ಚರ: ಆಯಿಲ್ ಮಿನ್ ಗೆರೆಯ ಹತ್ತಿರ ಬಂದಿದ್ದರೆ ಕೂಡಲೇ ಸುರಿದು ತುಂಬಿಸಬೇಡಿ. ಹೊಸಬರು ಎಡವುವುದು ಇಲ್ಲೇ. ಪ್ಯಾಡ್ ಸವೆದಂತೆ ಕ್ಯಾಲಿಪರಿನ ಪಿಸ್ಟನ್ ಮುಂದೆ ಬರುತ್ತದೆ. ಅದರ ಹಿಂದಿನ ಜಾಗಕ್ಕೆ ಆಯಿಲ್ ಹೋಗಿ ಡಬ್ಬಿಯಲ್ಲಿ ಮಟ್ಟ ಇಳಿಯುತ್ತದೆ. ಅಂದರೆ ಇಳಿದ ಮಟ್ಟವೇ ಒಂದು ಸುದ್ದಿ: ಪ್ಯಾಡ್ ಸವೆದಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ. ತುಂಬಿಸಿಬಿಟ್ಟರೆ ಆ ಸುದ್ದಿ ಮುಚ್ಚಿಹೋಗುತ್ತದೆ. ಮೊದಲು ಕಾರಣ ಹುಡುಕಿ.

ಹಂತ 2: ಆಯಿಲಿನ ಬಣ್ಣ ನೋಡಿ. ಹೊಸ ಬ್ರೇಕ್ ಆಯಿಲ್ ತಿಳಿ ಜೇನಿನ ಬಣ್ಣಕ್ಕಿರುತ್ತದೆ. ಹಳತಾದಂತೆ ಕಂದಾಗಿ, ಕೊನೆಗೆ ಕಪ್ಪಗಾಗುತ್ತದೆ. ಕಪ್ಪಾಗಿದ್ದರೆ ಬದಲಾಯಿಸುವ ಕಾಲ ಮೀರಿದೆ.

ಬಣ್ಣ ಚೆನ್ನಾಗಿದ್ದ ಮಾತ್ರಕ್ಕೆ ಆಯಿಲ್ ಚೆನ್ನಾಗಿದೆ ಅಂತಲ್ಲ. ಬ್ರೇಕ್ ಆಯಿಲ್ ಗಾಳಿಯಿಂದ ತೇವ ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ತೇವ ಹೀರಿಕೊಂಡ ಮೇಲೆ ಅದಕ್ಕಿರಬೇಕಾದ ಕನಿಷ್ಠ ಮಟ್ಟ 155 ಡಿಗ್ರಿ ಮಾತ್ರ. ಡಾಟ್ 3 ಆದರೆ ಇದೇ ಲೆಕ್ಕ 205 ಮತ್ತು 140. ಘಾಟಿ ಇಳಿಯುವಾಗ ಆಯಿಲ್ ಕುದ್ದರೆ ಪೈಪಿನಲ್ಲಿ ಆವಿಯ ಗುಳ್ಳೆಗಳು ಏಳುತ್ತವೆ. ಆಗ ಪೆಡಲ್ ಒತ್ತಿದರೆ ಗುಳ್ಳೆ ಕುಗ್ಗುತ್ತದೆಯೇ ಹೊರತು ಬ್ರೇಕ್ ಹಿಡಿಯುವುದಿಲ್ಲ. ಅದಕ್ಕೇ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಆಯಿಲ್ ಪೂರ್ತಿ ಬದಲಾಯಿಸಬೇಕು ಅನ್ನುವುದು. ಮಂಗಳೂರು, ಉಡುಪಿ, ಕಾರವಾರದ ತೇವದ ಹವೆಯಲ್ಲಿ ಇದನ್ನು ಮುಂದೂಡಲೇಬೇಡಿ.

ಎಚ್ಚರ: ಯಾವ ದರ್ಜೆಯ ಆಯಿಲ್ ಬೇಕೆಂದು ಡಬ್ಬಿಯ ಮುಚ್ಚಳದ ಮೇಲೇ ಬರೆದಿರುತ್ತದೆ. ಅದನ್ನೇ ತನ್ನಿ. ಡಾಟ್ 5 ಎಂಬುದು ಸಿಲಿಕೋನಿನದು, ಡಾಟ್ 3 ಅಥವಾ 4ರ ಜೊತೆ ಬೆರೆಸಬಾರದು. ಎಂಜಿನ್ ಆಯಿಲನ್ನಂತೂ ಇಲ್ಲಿಗೆ ಒಂದು ತೊಟ್ಟೂ ಹಾಕಬೇಡಿ, ಒಳಗಿನ ರಬ್ಬರ್ ಸೀಲುಗಳೆಲ್ಲ ಉಬ್ಬಿ ಹಾಳಾಗುತ್ತವೆ. ಮುಂಚೆಯೇ ಸೀಲ್ ಒಡೆದಿಟ್ಟ ಹಳೆಯ ಡಬ್ಬಿಯ ಆಯಿಲೂ ಬೇಡ. ಕಾರಿನ ಬಣ್ಣದ ಮೇಲೆ ಆಯಿಲ್ ಚೆಲ್ಲಿದರೆ ಕೂಡಲೇ ನೀರು ಸುರಿದು ತೊಳೆಯಿರಿ, ಇಲ್ಲವಾದರೆ ಪೇಂಟ್ ಎದ್ದುಬರುತ್ತದೆ.

ಹಂತ 3: ಪೆಡಲಿನ ಸುತ್ತ ಜಾಗ ಖಾಲಿ ಇದೆಯೇ ನೋಡಿ. ತೀರಾ ಸಣ್ಣ ಮಾತು ಅನ್ನಿಸಬಹುದು. ಆದರೆ ಜಾರುವ ಮ್ಯಾಟ್, ಉರುಳಿ ಬಂದ ನೀರಿನ ಬಾಟಲಿ, ಬಿಚ್ಚಿಟ್ಟ ಚಪ್ಪಲಿ ಇವು ಪೆಡಲಿನ ಕೆಳಗೆ ಸಿಕ್ಕಿಕೊಂಡರೆ ಎಷ್ಟೇ ಒಳ್ಳೆಯ ಬ್ರೇಕಾದರೂ ಹಿಡಿಯುವುದಿಲ್ಲ. ಮ್ಯಾಟಿನ ಕ್ಲಿಪ್ ಗಟ್ಟಿಯಾಗಿ ಕೂತಿರಲಿ. ಒಂದರ ಮೇಲೊಂದು ಮ್ಯಾಟ್ ಹಾಕಬೇಡಿ.

ಹಂತ 4: ಬೂಸ್ಟರ್, ಅಂದರೆ ಕಾಲಿನ ಒತ್ತಡಕ್ಕೆ ಬಲ ಕೂಡಿಸುವ ಭಾಗ, ಪರೀಕ್ಷಿಸಿ. ಎಂಜಿನ್ ಆಫ್ ಇರುವಾಗಲೇ ಬ್ರೇಕ್ ಪೆಡಲನ್ನು ನಾಲ್ಕೈದು ಸಲ ಪೂರ್ತಿ ಒತ್ತಿ ಬಿಡಿ. ಪೆಡಲ್ ಕಲ್ಲಿನಷ್ಟು ಗಟ್ಟಿಯಾಗುತ್ತದೆ. ಈಗ ಪೆಡಲ್ ಒತ್ತಿ ಹಿಡಿದುಕೊಂಡೇ ಎಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ತಾನಾಗಿ ಸ್ವಲ್ಪ ಕೆಳಗಿಳಿಯಬೇಕು. ಇಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಇಳಿಯದೆ ಗಟ್ಟಿಯಾಗಿಯೇ ನಿಂತರೆ ಬೂಸ್ಟರ್ ಅಥವಾ ಅದರ ಗಾಳಿಯ ಕೊಳವೆಯಲ್ಲಿ ತೊಂದರೆ ಇದೆ. ಗ್ಯಾರೇಜಿಗೆ ಹೇಳಿ.

ಹಂತ 5: ಪೆಡಲ್ ನಿಲ್ಲುತ್ತದೆಯೇ ನೋಡಿ. ಎಂಜಿನ್ ಓಡುತ್ತಿರಲಿ, ಗೇರ್ ನ್ಯೂಟ್ರಲ್ಲಿನಲ್ಲಿರಲಿ, ಹ್ಯಾಂಡ್‌ಬ್ರೇಕ್ ಹಾಕಿರಲಿ. ಬ್ರೇಕ್ ಪೆಡಲನ್ನು ಬಲವಾಗಿ ಒತ್ತಿ, ಅರ್ಧ ನಿಮಿಷ ಹಾಗೆಯೇ ಹಿಡಿದುಕೊಳ್ಳಿ. ಪೆಡಲ್ ಇದ್ದಲ್ಲೇ ಇರಬೇಕು. ನಿಧಾನವಾಗಿ ಕೆಳಕ್ಕೆ ಜಾರುತ್ತಾ ಹೋದರೆ ಮಾಸ್ಟರ್ ಸಿಲಿಂಡರಿನ ಸೀಲ್ ಹೋಗಿರಬಹುದು, ಇಲ್ಲವೇ ಎಲ್ಲಾದರೂ ಸೋರುತ್ತಿರಬಹುದು. ಒತ್ತಿದಾಗ ಸ್ಪಂಜಿನ ಮೇಲೆ ಕಾಲಿಟ್ಟ ಹಾಗೆ ಮೆತ್ತಗಿದ್ದರೆ ಪೈಪಿನಲ್ಲಿ ಗಾಳಿ ಸೇರಿದೆ. ಅದನ್ನು ತೆಗೆಯುವ ಕೆಲಸಕ್ಕೆ ಗ್ಯಾರೇಜಿನವರು ಬ್ಲೀಡಿಂಗ್ ಅನ್ನುತ್ತಾರೆ.

ಎಚ್ಚರ: ಪೆಡಲ್ ಜಾರಿದರೂ ಮೆತ್ತಗಿದ್ದರೂ ಆ ಕಾರನ್ನು ರಸ್ತೆಗೆ ಇಳಿಸಬೇಡಿ. ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ ಅಥವಾ ಟೋ ಮಾಡಿಸಿ.

ಹಂತ 6: ಡ್ಯಾಶ್‌ಬೋರ್ಡ್ ದೀಪ ಗಮನಿಸಿ. ಕೀಲಿ ಆನ್ ಮಾಡಿದಾಗ ಕೆಂಪು ಬ್ರೇಕ್ ದೀಪ ಮತ್ತು ಹಳದಿ ಎಬಿಎಸ್ ದೀಪ ಹೊತ್ತಬೇಕು. ಎಂಜಿನ್ ಸ್ಟಾರ್ಟ್ ಆಗಿ, ಹ್ಯಾಂಡ್‌ಬ್ರೇಕ್ ಬಿಟ್ಟ ಮೇಲೆ ಎರಡೂ ಆರಬೇಕು. ಹ್ಯಾಂಡ್‌ಬ್ರೇಕ್ ಪೂರ್ತಿ ಕೆಳಗಿದ್ದೂ ಕೆಂಪು ದೀಪ ಉರಿಯುತ್ತಿದ್ದರೆ ಆಯಿಲ್ ಕಡಿಮೆಯಾಗಿದೆ ಎಂದು ಮೊದಲು ಅನುಮಾನಿಸಿ. ಎಬಿಎಸ್ ದೀಪ ಒಂದೇ ಉರಿಯುತ್ತಿದ್ದರೆ ಮಾಮೂಲಿ ಬ್ರೇಕ್ ಹಿಡಿಯುತ್ತದೆ, ಆದರೆ ಜೋರಾಗಿ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಸೌಲಭ್ಯ ಇರುವುದಿಲ್ಲ. ಎರಡೂ ಒಟ್ಟಿಗೆ ಉರಿದರೆ ಕಾರು ನಿಲ್ಲಿಸಿ.

ಹಂತ 7: ಹ್ಯಾಂಡ್‌ಬ್ರೇಕ್ ಎಳೆದು ನೋಡಿ. ನಿಧಾನವಾಗಿ ಎಳೆಯುತ್ತಾ 'ಟಿಕ್ ಟಿಕ್' ಸದ್ದು ಎಣಿಸಿ. ಎಷ್ಟು ಟಿಕ್ಕಿಗೆ ಹಿಡಿಯಬೇಕೆಂದು ಮ್ಯಾನ್ಯುಯಲ್ಲಿನಲ್ಲಿ ಇರುತ್ತದೆ. ಅದಕ್ಕಿಂತ ಹೆಚ್ಚಾಗಿ ಮೇಲಕ್ಕೆ ಬರುತ್ತಿದ್ದರೆ ಕೇಬಲ್ ಸಡಿಲವಾಗಿದೆ ಅಥವಾ ಹಿಂದಿನ ಶೂ ಸವೆದಿದೆ.

ಹಂತ 8: ಸೋರಿಕೆ ಹುಡುಕಿ. ಕಾರು ರಾತ್ರಿಯೆಲ್ಲ ನಿಂತಿದ್ದ ಜಾಗದಿಂದ ಸ್ವಲ್ಪ ಮುಂದೆ ಸರಿಸಿ, ನೆಲ ನೋಡಿ. ಎಸಿಯಿಂದ ತೊಟ್ಟಿಕ್ಕುವುದು ಬರೀ ನೀರು, ಅದಕ್ಕೆ ಹೆದರಬೇಕಿಲ್ಲ. ಚಕ್ರದ ಹತ್ತಿರ ಜಿಡ್ಡು ಜಿಡ್ಡಾದ ತೇವ ಕಂಡರೆ, ಅಥವಾ ಹಿಂದಿನ ಟೈರಿನ ಒಳಬದಿಯಲ್ಲಿ ಒದ್ದೆ ಗೆರೆ ಇದ್ದರೆ, ಬ್ರೇಕ್ ಆಯಿಲ್ ಸೋರುತ್ತಿರಬಹುದು. ಆ ಆಯಿಲ್ ಶೂ ಮೇಲೆ ಬಿದ್ದರೆ ಶೂ ಉಪಯೋಗಕ್ಕೆ ಬರುವುದಿಲ್ಲ.

ಎರಡನೇ ಭಾಗ: ಚಕ್ರ ಬಿಚ್ಚಿ ಪ್ಯಾಡ್ ನೋಡುವುದು

ಇದನ್ನು 10,000 ಕಿ.ಮೀ.ಗೊಮ್ಮೆ ಅಥವಾ ಮಳೆಗಾಲ ಶುರುವಾಗುವ ಮೊದಲು ಮಾಡಿದರೆ ಸಾಕು. ಅಲಾಯ್ ವೀಲ್ ಇದ್ದರೆ ಕಡ್ಡಿಗಳ ಸಂದಿಯಿಂದ ಟಾರ್ಚ್ ಹಿಡಿದೇ ಹೊರಗಿನ ಪ್ಯಾಡ್ ನೋಡಬಹುದು. ಒಳಗಿನ ಪ್ಯಾಡ್ ಕಾಣಬೇಕಾದರೆ ಚಕ್ರ ಬಿಚ್ಚಲೇಬೇಕು. ಭಯಪಡಬೇಡಿ, ಪಂಕ್ಚರ್ ಆದಾಗ ಸ್ಟೆಪ್ನಿ ಹಾಕುವಷ್ಟೇ ಕೆಲಸ ಇದು.

ಹಂತ 9: ಕಾರನ್ನು ಅಲುಗದಂತೆ ನಿಲ್ಲಿಸಿ. ಗಟ್ಟಿ ನೆಲ, ಸಮತಟ್ಟು ಜಾಗ. ಮಣ್ಣಿನ ಅಂಗಳ ಬೇಡ, ಜಾಕ್ ಹೂತುಹೋಗುತ್ತದೆ. ಮೊದಲ ಗೇರ್ ಹಾಕಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಆಟೋಮ್ಯಾಟಿಕ್ ಆದರೆ ಪಾರ್ಕಿನಲ್ಲಿಡಿ. ಹಿಂದಿನ ಚಕ್ರದ ಮುಂದೆ ಒಂದು, ಹಿಂದೆ ಒಂದು ಕಲ್ಲು ಇಡಿ.

ಹಂತ 10: ನಟ್ಟುಗಳನ್ನು ಸ್ವಲ್ಪ ಸಡಿಲಿಸಿ. ಚಕ್ರ ಇನ್ನೂ ನೆಲದ ಮೇಲಿರುವಾಗಲೇ ಪ್ರತಿ ನಟ್ಟನ್ನೂ ಅರ್ಧ ಸುತ್ತು ಬಿಚ್ಚಿ. ಪೂರ್ತಿ ತೆಗೆಯಬೇಡಿ. ಜಾಕ್ ಏರಿಸಿದ ಮೇಲೆ ಬಿಚ್ಚಲು ಹೋದರೆ ಚಕ್ರ ತಿರುಗುತ್ತದೆ, ಕಾರು ಜಾಕಿನಿಂದ ಜಾರಲೂಬಹುದು.

ಹಂತ 11: ಜಾಕ್ ಏರಿಸಿ. ಜಾಕ್ ಎಲ್ಲಿಡಬೇಕೆಂದು ಮ್ಯಾನ್ಯುಯಲ್ಲಿನ ಚಿತ್ರದಲ್ಲಿದೆ. ಚಕ್ರದ ಹತ್ತಿರ, ಬಾಗಿಲಿನ ಕೆಳಗಿನ ಅಂಚಿನಲ್ಲಿ ಗುರುತು ಇರುತ್ತದೆ. ಟೈರ್ ನೆಲ ಬಿಟ್ಟು ಎರಡು ಬೆರಳಷ್ಟು ಮೇಲೆದ್ದರೆ ಸಾಕು.

ಎಚ್ಚರ: ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ತಲೆ, ಕೈ, ಕಾಲು ಯಾವುದನ್ನೂ ತೂರಿಸಬೇಡಿ. ಮಕ್ಕಳನ್ನು ದೂರ ಇಡಿ.

ಹಂತ 12: ಚಕ್ರ ತೆಗೆಯಿರಿ. ನಟ್ಟುಗಳನ್ನು ಪೂರ್ತಿ ಬಿಚ್ಚಿ ಒಂದು ಬಟ್ಟಲಿಗೆ ಹಾಕಿ. ಚಕ್ರವನ್ನು ನೇರವಾಗಿ ನಿಮ್ಮ ಕಡೆಗೆ ಎಳೆಯಿರಿ. ತೆಗೆದ ಚಕ್ರವನ್ನು ಕಾರಿನ ಅಂಚಿನ ಕೆಳಗೆ ಮಲಗಿಸಿಡಿ. ಅಕಸ್ಮಾತ್ ಜಾಕ್ ಜಾರಿದರೂ ಕಾರು ಚಕ್ರದ ಮೇಲೆ ಕೂರುತ್ತದೆ.

ಎಚ್ಚರ: ಈಗ ಒಳಗೆ ಕಪ್ಪು ದೂಳು ಕಾಣುತ್ತದೆ. ಬಾಯಿಂದ ಊದಬೇಡಿ, ಗಾಳಿ ಹೊಡೆಯಬೇಡಿ. ಆ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಮಾಸ್ಕ್ ಹಾಕಿಕೊಂಡು, ಬೇಕಾದರೆ ಒದ್ದೆ ಬಟ್ಟೆಯಿಂದ ಒರೆಸಿ.

ಹಂತ 13: ಪ್ಯಾಡ್ ದಪ್ಪ ನೋಡಿ. ಹೊಳೆಯುವ ಡಿಸ್ಕಿನ ಎರಡೂ ಬದಿಗೆ ಕ್ಯಾಲಿಪರಿನ ಒಳಗೆ ಒಂದೊಂದು ಪ್ಯಾಡ್ ಇದೆ. ಪ್ರತಿ ಪ್ಯಾಡಿಗೂ ಎರಡು ಪದರ: ಹಿಂದೆ ಕಬ್ಬಿಣದ ತಗಡು, ಅದರ ಮೇಲೆ ಡಿಸ್ಕಿಗೆ ತಾಗುವ ಉಜ್ಜುಪದರ. ಈ ಉಜ್ಜುಪದರವನ್ನಷ್ಟೇ ಅಳೆಯಿರಿ, ತಗಡನ್ನು ಲೆಕ್ಕಕ್ಕೆ ಸೇರಿಸಬೇಡಿ. ಹೊಸದರಲ್ಲಿ ಇದು ಸುಮಾರು 10 ಮಿ.ಮೀ. ಇರುತ್ತದೆ. 5 ಮಿ.ಮೀ. ಇದ್ದರೆ ಇನ್ನೂ ಓಡಿಸಬಹುದು, ಆದರೆ ಕಣ್ಣಿಟ್ಟಿರಿ. 3 ಮಿ.ಮೀ.ಗೆ ಬಂದರೆ ಬದಲಾಯಿಸುವ ಏರ್ಪಾಡು ಮಾಡಿ. 2 ಮಿ.ಮೀ. ಅಂದರೆ ಇನ್ನು ಕಾಯುವಂತಿಲ್ಲ.

ಒಳಗಿನ ಪ್ಯಾಡ್, ಹೊರಗಿನ ಪ್ಯಾಡ್ ಎರಡನ್ನೂ ನೋಡಿ. ಹೊರಗಿನದು ದಪ್ಪಗಿದ್ದು ಒಳಗಿನದು ತಗಡಿಗೆ ತಾಗಿರುವುದುಂಟು. ಕ್ಯಾಲಿಪರ್ ಸರಿದಾಡುವ ಪಿನ್ನುಗಳು ಗ್ರೀಸ್ ಒಣಗಿ ಹಿಡಿದುಕೊಂಡರೆ ಹೀಗಾಗುತ್ತದೆ. ಆಗ ಬರೀ ಪ್ಯಾಡ್ ಬದಲಾಯಿಸಿದರೆ ಪ್ರಯೋಜನವಿಲ್ಲ, ಪಿನ್ ಸ್ವಚ್ಛ ಮಾಡಿ ಗ್ರೀಸ್ ಹಚ್ಚಿಸಲೇಬೇಕು.

ಹಂತ 14: ಡಿಸ್ಕ್ ನೋಡಿ. ಡಿಸ್ಕಿನ ಮೈ ನುಣ್ಣಗಿರಬೇಕು. ತೆಳುವಾದ ಗೆರೆಗಳು ಮಾಮೂಲು. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರುಗಳು, ಬಿರುಕು, ಸುಟ್ಟು ನೀಲಿಯಾದ ಕಲೆಗಳು ಇದ್ದರೆ ಮೆಕ್ಯಾನಿಕ್ಕಿಗೆ ತೋರಿಸಿ. ಡಿಸ್ಕಿನ ಹೊರ ಅಂಚಿನಲ್ಲಿ ಎದ್ದು ನಿಂತ ದಂಡೆ ಇದ್ದರೆ ಅಷ್ಟು ಸವೆದಿದೆ ಎಂದರ್ಥ. ಎಷ್ಟು ತೆಳುವಾಗುವವರೆಗೆ ಬಳಸಬಹುದೆಂದು ಹೆಚ್ಚಿನ ಡಿಸ್ಕುಗಳ ಮೇಲೇ ಅಚ್ಚೊತ್ತಿರುತ್ತದೆ. ಮುಟ್ಟಬೇಕೆನಿಸಿದರೆ ಕಾರು ಓಡಿಸಿ ಬಂದ ಕೂಡಲೇ ಮುಟ್ಟಬೇಡಿ, ಕೈ ಸುಡುತ್ತದೆ. ಗ್ರೀಸ್ ಮೆತ್ತಿದ ಬೆರಳಂತೂ ಅದಕ್ಕೆ ತಾಗಲೇಬಾರದು.

ಹಂತ 15: ರಬ್ಬರ್ ಪೈಪ್ ನೋಡಿ. ಕ್ಯಾಲಿಪರಿಗೆ ಬಂದು ಸೇರುವ ಕಪ್ಪು ರಬ್ಬರ್ ಹೋಸ್ ಮೇಲೆ ಸೀಳು, ಉಬ್ಬು, ತೇವ ಇದೆಯೇ ನೋಡಿ. ಏನಾದರೂ ಇದ್ದರೆ ಬದಲಾಯಿಸಬೇಕು. ಟೇಪ್ ಸುತ್ತುವ ರಿಪೇರಿ ಇಲ್ಲಿ ನಡೆಯುವುದಿಲ್ಲ.

ಹಂತ 16: ಚಕ್ರ ವಾಪಸ್ ಹಾಕಿ. ನಟ್ಟುಗಳನ್ನು ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ. ಜಾಕ್ ಇಳಿಸಿ ಚಕ್ರ ನೆಲಕ್ಕೆ ತಾಗಿದ ಮೇಲೆ ಸ್ಪಾನರಿನಿಂದ ಬಿಗಿ ಮಾಡಿ. ಒಂದರ ಪಕ್ಕದ್ದು ಇನ್ನೊಂದು ಅಂತ ಸುತ್ತು ಹೋಗಬೇಡಿ, ಎದುರು ಬದುರಿನ ನಟ್ಟುಗಳನ್ನು ಒಂದಾದ ಮೇಲೆ ಒಂದು ಬಿಗಿಯಿರಿ. ಸ್ಪಾನರಿನ ಮೇಲೆ ನಿಂತು ತುಳಿಯಬೇಡಿ. ಸ್ವಲ್ಪ ದೂರ ಓಡಿಸಿ ಬಂದು ಮತ್ತೊಮ್ಮೆ ಬಿಗಿ ನೋಡಿ. ಇದೇ ರೀತಿ ಇನ್ನೊಂದು ಮುಂಚಕ್ರವನ್ನೂ ನೋಡಿ.

ಹಿಂದಿನ ಡ್ರಮ್ ಒಳಗೆ ಏನಾಗಿದೆ ಎಂದು ಹೊರಗಿನಿಂದ ಕಾಣುವುದಿಲ್ಲ. ಅದನ್ನು ತೆರೆಯುವ ಕೆಲಸ ಹೊಸಬರಿಗಲ್ಲ. ಸರ್ವೀಸಿಗೆ ಬಿಟ್ಟಾಗ "ಹಿಂದಿನ ಡ್ರಮ್ ಬಿಚ್ಚಿ, ಶೂ ನೋಡಿ, ಕ್ಲೀನ್ ಮಾಡಿ" ಎಂದು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಎಷ್ಟೋ ಸಲ ಅದು ಹಾಗೆಯೇ ಉಳಿದುಹೋಗುತ್ತದೆ.

ಮೂರನೇ ಭಾಗ: ಓಡಿಸಿ ನೋಡುವುದು

ಹಂತ 17: ಖಾಲಿ ರಸ್ತೆಗೆ ಹೋಗಿ. ಹೊರಡುವ ಮೊದಲು ನಿಂತಲ್ಲೇ ಎರಡು ಸಲ ಪೆಡಲ್ ಒತ್ತಿ, ಹಿಡಿಯುತ್ತದೆ ಎಂದು ಖಾತ್ರಿ ಮಾಡಿಕೊಳ್ಳಿ. ರೇಡಿಯೋ ಆಫ್ ಮಾಡಿ, ಕಿಟಕಿ ಇಳಿಸಿ.

ಹಂತ 18: ನಿಧಾನವಾಗಿ ಬ್ರೇಕ್ ಒತ್ತಿ. ಹಿಂದೆ ಯಾರೂ ಇಲ್ಲದಾಗ 30–40 ಕಿ.ಮೀ. ವೇಗದಲ್ಲಿ, ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಗುರವಾಗಿ ಹಿಡಿದು ಬ್ರೇಕ್ ಹಾಕಿ. ಕಾರು ನೇರವಾಗಿ ನಿಲ್ಲಬೇಕು. ಎಡಕ್ಕೋ ಬಲಕ್ಕೋ ಎಳೆದರೆ ಒಂದು ಬದಿಯ ಬ್ರೇಕ್ ಸರಿಯಾಗಿ ಕೆಲಸ ಮಾಡುತ್ತಿಲ್ಲ. ಮೊದಲು ಟೈರಿನ ಗಾಳಿ ಸರಿ ಇದೆಯೇ ನೋಡಿಕೊಳ್ಳಿ, ಅದು ಕಡಿಮೆ ಇದ್ದರೂ ಹೀಗೆ ಎಳೆಯುತ್ತದೆ.

ಹಂತ 19: ಕಿವಿಗೊಟ್ಟು ಕೇಳಿ. ಸದ್ದಿನಲ್ಲಿ ಮೂರು ಬಗೆ.

ಮಳೆ ಬಂದ ಮರುದಿನ ಅಥವಾ ಕಾರು ತೊಳೆದ ಮೇಲೆ ಮೊದಲ ಎರಡು ಮೂರು ಬ್ರೇಕಿಗೆ ಕರಕರ ಎಂದು, ಆಮೇಲೆ ನಿಂತರೆ ಅದು ಡಿಸ್ಕಿನ ಮೇಲೆ ಕೂತ ತೆಳು ತುಕ್ಕು. ಚಿಂತೆ ಬೇಡ.

ಪ್ರತಿ ಸಲವೂ ಕೀಂಯ್ ಎಂಬ ಸಣ್ಣ ದನಿ ಬಂದರೆ ಪ್ಯಾಡ್ ನೋಡಿ. ಅನೇಕ ಪ್ಯಾಡುಗಳಲ್ಲಿ ಒಂದು ಸಣ್ಣ ಲೋಹದ ನಾಲಿಗೆ ಇರುತ್ತದೆ. ಪ್ಯಾಡ್ ಸವೆದಾಗ ಡಿಸ್ಕಿಗೆ ತಾಗಿ ಕಿರುಚಲೆಂದೇ ಅದನ್ನು ಇಟ್ಟಿರುತ್ತಾರೆ. ಕೆಲವೊಮ್ಮೆ ದೂಳು ಸಿಕ್ಕಿಕೊಂಡಾಗಲೂ ಇಂಥದೇ ಸದ್ದು ಬರುತ್ತದೆ. ಕಣ್ಣಾರೆ ಕಂಡ ಮೇಲೆ ತೀರ್ಮಾನಿಸಿ.

ಕಬ್ಬಿಣಕ್ಕೆ ಕಬ್ಬಿಣ ಅರೆಯುವ ಗರಗರ ಸದ್ದು ಬಂದರೆ ಪ್ಯಾಡ್ ಮುಗಿದಿದೆ, ತಗಡೇ ಡಿಸ್ಕನ್ನು ಕೆರೆಯುತ್ತಿದೆ. ಕಾರು ನಿಲ್ಲಿಸಿ. ಇನ್ನೂ ಓಡಿಸಿದರೆ ಪ್ಯಾಡಿನ ಜೊತೆ ಡಿಸ್ಕೂ ಹೋಗುತ್ತದೆ, ಖರ್ಚು ಎಷ್ಟೋ ಪಟ್ಟು ಏರುತ್ತದೆ.

ಹಂತ 20: ನಡುಕ ಗಮನಿಸಿ. ವೇಗದಲ್ಲಿ ಬ್ರೇಕ್ ಹಾಕಿದಾಗ ಸ್ಟೀರಿಂಗ್ ಅಥವಾ ಪೆಡಲ್ ಅದುರಿದರೆ ಡಿಸ್ಕಿನ ದಪ್ಪ ಒಂದೇ ಸಮ ಇಲ್ಲ ಎಂದರ್ಥ. ಡಿಸ್ಕ್ ಬದಲಾಯಿಸಬೇಕಾಗಬಹುದು, ಅಥವಾ ದಪ್ಪ ಉಳಿದಿದ್ದರೆ ಲೇತಿನಲ್ಲಿ ಸಮ ಮಾಡಿಸಬಹುದು.

ಎಚ್ಚರ: ಗಕ್ಕನೆ ಜೋರಾಗಿ ಒತ್ತಿದಾಗ ಮಾತ್ರ ಪೆಡಲ್ 'ಟರ್ರ್' ಎಂದು ಕಾಲಿಗೆ ಒದ್ದರೆ ಅದು ದೋಷವಲ್ಲ. ಎಬಿಎಸ್ ತನ್ನ ಕೆಲಸ ಮಾಡುತ್ತಿದೆ. ಹೆದರಿ ಕಾಲು ತೆಗೆಯಬೇಡಿ, ಒತ್ತಿಯೇ ಹಿಡಿದು ಸ್ಟೀರಿಂಗ್ ತಿರುಗಿಸಿ. ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯ. ಅದಕ್ಕಿಂತ ಹಳೆಯ ಕಾರಾದರೆ ನಿಮ್ಮದರಲ್ಲಿ ಇದೆಯೇ ಇಲ್ಲವೇ ಎಂದು ತಿಳಿದಿಟ್ಟುಕೊಳ್ಳಿ.

ಹಂತ 21: ಚಕ್ರಗಳ ಬಿಸಿ ನೋಡಿ. ಹತ್ತು ನಿಮಿಷ ಓಡಿಸಿ ನಿಲ್ಲಿಸಿ. ಪ್ರತಿ ಚಕ್ರದ ಹತ್ತಿರ ಅಂಗೈ ಒಡ್ಡಿ, ಮುಟ್ಟಬೇಡಿ. ಒಂದೇ ಚಕ್ರದಿಂದ ವಿಪರೀತ ಬಿಸಿ, ಸುಟ್ಟ ವಾಸನೆ ಬಂದರೆ ಅಲ್ಲಿ ಬ್ರೇಕ್ ಬಿಡದೆ ಹಿಡಿದುಕೊಂಡಿದೆ. ಮೈಲೇಜ್ ಇದ್ದಕ್ಕಿದ್ದಂತೆ ಇಳಿಯುವುದಕ್ಕೂ ಇದು ಒಂದು ಕಾರಣ.

ಘಾಟಿ, ಮಳೆ: ಬ್ರೇಕ್ ಉಳಿಸುವ ಅಭ್ಯಾಸ

ಒಂದು ಲೆಕ್ಕ ನೆನಪಿಡಿ. ವೇಗ ಎರಡು ಪಟ್ಟಾದರೆ ಬ್ರೇಕ್ ಕರಗಿಸಬೇಕಾದ ಶಕ್ತಿ ನಾಲ್ಕು ಪಟ್ಟು. 40ರಿಂದ ನಿಲ್ಲಿಸುವುದಕ್ಕಿಂತ 80ರಿಂದ ನಿಲ್ಲಿಸುವಾಗ ನಾಲ್ಕರಷ್ಟು ಬಿಸಿ ಹುಟ್ಟುತ್ತದೆ.

ಆಗುಂಬೆ, ಚಾರ್ಮಾಡಿ, ಶಿರಾಡಿಯಂಥ ಘಾಟಿ ಇಳಿಯುವಾಗ ಈ ಬಿಸಿ ಆರಲು ಪುರುಸೊತ್ತೇ ಸಿಗುವುದಿಲ್ಲ. ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಪ್ಯಾಡ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಅದಕ್ಕೆ ಹಳೆಯ ಡ್ರೈವರುಗಳು ಹೇಳುವ ಸೂತ್ರವೇ ಸರಿ: ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಎರಡನೇ ಅಥವಾ ಮೂರನೇ ಗೇರಿನಲ್ಲಿ ಎಂಜಿನ್ನೇ ಕಾರನ್ನು ತಡೆಯಲಿ. ತಿರುವಿಗೆ ಮೊದಲು ಬ್ರೇಕ್ ಒತ್ತಿ, ವೇಗ ಇಳಿಸಿ, ಕಾಲು ತೆಗೆಯಿರಿ. ಸುಟ್ಟ ವಾಸನೆ ಬಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ಅರ್ಧ ಗಂಟೆ ಆರಲು ಬಿಡಿ. ಕಾದ ಡಿಸ್ಕಿಗೆ ನೀರು ಸುರಿಯಬೇಡಿ, ಡಿಸ್ಕ್ ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು.

ಎಚ್ಚರ: ಪೆಟ್ರೋಲ್ ಉಳಿಯುತ್ತದೆಂದು ನ್ಯೂಟ್ರಲ್ ಹಾಕಿ ಇಳಿಯಬೇಡಿ. ಇಂದಿನ ಇಂಜೆಕ್ಷನ್ ಎಂಜಿನ್ನುಗಳು ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಂಧನ ಕೊಡುವುದನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್ಲಿನಲ್ಲಿ ಉಳಿತಾಯವೂ ಇಲ್ಲ, ಎಂಜಿನ್ ಹಿಡಿತವೂ ಇಲ್ಲ. ಎಂಜಿನ್ ಆಫ್ ಮಾಡಿ ಇಳಿಯುವುದಂತೂ ಅಪಾಯವನ್ನು ಕರೆದಂತೆ. ನಾಲ್ಕೈದು ಸಲ ಒತ್ತಿದ ಮೇಲೆ ಬೂಸ್ಟರ್ ಖಾಲಿ, ಪೆಡಲ್ ಕಲ್ಲು. ಹಂತ 4ರಲ್ಲಿ ನೀವೇ ನೋಡಿದಿರಲ್ಲ?

ಮಳೆಗಾಲದಲ್ಲಿ ನೀರು ನಿಂತ ರಸ್ತೆ ದಾಟಿದ ಮೇಲೆ ನಿಧಾನವಾಗಿ ಓಡಿಸುತ್ತಾ ಬ್ರೇಕನ್ನು ಹಗುರವಾಗಿ ಕೆಲವು ಸಲ ಒತ್ತಿ. ಉಜ್ಜಾಟದ ಬಿಸಿಗೆ ಪ್ಯಾಡ್, ಶೂ ಒಣಗುತ್ತವೆ. ಕಾರನ್ನು ವಾರಗಟ್ಟಲೆ ನಿಲ್ಲಿಸುವುದಿದ್ದರೆ ಹ್ಯಾಂಡ್‌ಬ್ರೇಕ್ ಹಾಕಿಡಬೇಡಿ, ತುಕ್ಕಿಗೆ ಶೂ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಸಮತಟ್ಟು ಜಾಗದಲ್ಲಿ ಗೇರ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿ.

ಓಡುವಾಗಲೇ ಬ್ರೇಕ್ ಹಿಡಿಯದಿದ್ದರೆ

ಭಯಪಡಬೇಡಿ. ಕಾರಿನ ಬ್ರೇಕ್ ಪೈಪುಗಳನ್ನು ಎರಡು ಪ್ರತ್ಯೇಕ ಜಾಲಗಳಾಗಿ ಮಾಡಿರುತ್ತಾರೆ. ಒಂದು ಸೋರಿಹೋದರೂ ಇನ್ನೊಂದು ಸ್ವಲ್ಪವಾದರೂ ಹಿಡಿಯುತ್ತದೆ. ಹೀಗೆ ಮಾಡಿ:

1. ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ.
2. ಪೆಡಲನ್ನು ಬೇಗ ಬೇಗ ಒತ್ತಿ ಬಿಡುತ್ತಾ ಇರಿ, ಒತ್ತಡ ಕೂಡಿಬರಬಹುದು.
3. ಗೇರನ್ನು ಒಂದೊಂದಾಗಿ ಇಳಿಸಿ.
4. ಹ್ಯಾಂಡ್‌ಬ್ರೇಕಿನ ಗುಂಡಿ ಒತ್ತಿ ಹಿಡಿದು ನಿಧಾನವಾಗಿ ಎಳೆಯಿರಿ. ಗಕ್ಕನೆ ಎಳೆದರೆ ಹಿಂಚಕ್ರ ಲಾಕ್ ಆಗಿ ಕಾರು ತಿರುಗುತ್ತದೆ.
5. ಹಾರ್ನ್ ಮಾಡಿ, ನಾಲ್ಕೂ ಇಂಡಿಕೇಟರ್ ಹಾಕಿ, ರಸ್ತೆ ಬದಿಗೆ ಬನ್ನಿ.
6. ಎಂಜಿನ್ನನ್ನು ಕಾರು ಪೂರ್ತಿ ನಿಂತ ಮೇಲೆಯೇ ಆಫ್ ಮಾಡಿ.

ಗ್ಯಾರೇಜಿನಲ್ಲಿ ಕೇಳಬೇಕಾದ್ದು

ಪ್ಯಾಡ್ ಬದಲಾಯಿಸುವಾಗ ಎಡ ಬಲ ಎರಡೂ ಚಕ್ರಕ್ಕೆ ಒಟ್ಟಿಗೇ ಬದಲಾಯಿಸಬೇಕು. ಒಂದೇ ಬದಿಗೆ ಹಾಕಿದರೆ ಕಾರು ಎಳೆಯುತ್ತದೆ. ಹೊಸ ಪ್ಯಾಡಿನ ಪೊಟ್ಟಣವನ್ನು ನಿಮ್ಮೆದುರೇ ತೆರೆಯಲು ಹೇಳಿ. ಬಿಚ್ಚಿದ ಹಳೆಯ ಪ್ಯಾಡುಗಳನ್ನು ಕೇಳಿ ನೋಡಿ. ಎಷ್ಟು ಸವೆದಿದೆ ಎಂದು ಈಗ ನಿಮಗೇ ಓದಲು ಬರುತ್ತದೆ. "ಡಿಸ್ಕೂ ಬದಲಾಯಿಸಬೇಕು" ಅಂದರೆ "ಅಳತೆ ಎಷ್ಟಿದೆ, ಕನಿಷ್ಠ ಎಷ್ಟಿರಬೇಕು, ತೋರಿಸಿ" ಅನ್ನಿ. ಕೇಳಲು ಸಂಕೋಚ ಬೇಡ.

ಹೊಸ ಪ್ಯಾಡ್ ಹಾಕಿದ ಮೇಲೆ ಕಾರು ಹೊರಡಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ ಬಿಡಿ, ಮೊದಲ ಒತ್ತಿಗೆ ಅದು ನೆಲದವರೆಗೂ ಹೋಗಬಹುದು. ಮೊದಲ ಇನ್ನೂರು ಮುನ್ನೂರು ಕಿ.ಮೀ. ಗಕ್ಕನೆ ಬ್ರೇಕ್ ಹಾಕುವ ಪ್ರಸಂಗ ತಂದುಕೊಳ್ಳಬೇಡಿ. ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲು ಅಷ್ಟು ಓಟ ಬೇಕು.

ನೆನಪಿಗೆ ಒಂದು ಪಟ್ಟಿ

- ತಿಂಗಳಿಗೊಮ್ಮೆ: ಆಯಿಲ್ ಮಟ್ಟ, ದೀಪ, ಪೆಡಲ್, ಹ್ಯಾಂಡ್‌ಬ್ರೇಕ್, ಸೋರಿಕೆ.
- 10,000 ಕಿ.ಮೀ.ಗೊಮ್ಮೆ: ಪ್ಯಾಡ್, ಡಿಸ್ಕ್, ಹೋಸ್, ಗ್ಯಾರೇಜಿನಲ್ಲಿ ಹಿಂದಿನ ಡ್ರಮ್.
- ಎರಡು ವರ್ಷಕ್ಕೊಮ್ಮೆ: ಬ್ರೇಕ್ ಆಯಿಲ್ ಪೂರ್ತಿ ಬದಲು.
- ದೂರದ ಪ್ರಯಾಣ ಅಥವಾ ಘಾಟಿಗೆ ಮೊದಲು: ಮೊದಲ ಭಾಗದ ಎಂಟೂ ಹಂತ.
- ನಿಮ್ಮ ಕಾರಿನ ಮ್ಯಾನ್ಯುಯಲ್ ಬೇರೆ ಅಂಕಿ ಹೇಳಿದರೆ ಅದನ್ನೇ ಪಾಲಿಸಿ.

ನೋಡಿದ ದಿನಾಂಕ, ಓಡೋಮೀಟರ್ ಅಂಕಿ, ಪ್ಯಾಡಿನ ದಪ್ಪ ಇಷ್ಟನ್ನು ಸರ್ವೀಸ್ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಡಿ. ಎರಡು ಸಲ ಬರೆದರೆ ನಿಮ್ಮ ಪ್ಯಾಡ್ ಎಷ್ಟು ಬೇಗ ಸವೆಯುತ್ತಿದೆ ಎಂಬ ಲೆಕ್ಕ ಸಿಕ್ಕಿಬಿಡುತ್ತದೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ನಿಂತು ನಿಂತು ಓಡುವ ಕಾರಿಗೂ ಹೆದ್ದಾರಿಯಲ್ಲೇ ಓಡುವ ಕಾರಿಗೂ ಈ ಲೆಕ್ಕ ಬೇರೆ ಬೇರೆ. ಬೇರೆಯವರ ಅಂಕಿ ನಂಬುವುದಕ್ಕಿಂತ ನಿಮ್ಮದೇ ಅಂಕಿ ಇಟ್ಟುಕೊಳ್ಳುವುದು ಮೇಲು. ಈ ಭಾನುವಾರ ಬಾನೆಟ್ ಎತ್ತಿ, ಹಂತ 1ರಿಂದ ಶುರು ಮಾಡಿ.